ಪೂರ್ವಾಭಿಮುಖ ನಿವೇಶನಗಳು

ನಮ್ಮಲ್ಲಿ ಸೈಟು ನೋಡಲು ಹೋದವರು ಮೊದಲು ಕೇಳುವುದು ಬೆಲೆಯನ್ನಲ್ಲ, ದಿಕ್ಕನ್ನು. ನೀರು ಬರುತ್ತದೋ ಇಲ್ಲವೋ, ಚರಂಡಿ ಇದೆಯೋ ಇಲ್ಲವೋ, ಆ ಜಾಗದ ಮೇಲೆ ಎಷ್ಟು ಜನ ದಾಯಾದಿಗಳು ಕೋರ್ಟಿನಲ್ಲಿ ಕಾದಾಡುತ್ತಿದ್ದಾರೋ, ಅದೆಲ್ಲ ಆಮೇಲಿನ ಮಾತು. ಪೂರ್ವಕ್ಕೆ ಬಾಗಿಲು ಬರುತ್ತದೆ ಅಂದರೆ ಅರ್ಧ ವ್ಯಾಪಾರ ಕುದುರಿದಂತೆ. ನಮ್ಮ ನೆಂಟರೊಬ್ಬರು ಪಶ್ಚಿಮದ ರಸ್ತೆಯ ಸೈಟು ಕೊಂಡು, ಪೂರ್ವದ ಬಾಗಿಲೇ ಬೇಕೆಂದು ಹಟ ಹಿಡಿದು, ಮನೆಗೆ ಹಿಂದಿನಿಂದ ಹೋಗುವ ಏರ್ಪಾಡು ಮಾಡಿಕೊಂಡರು. ಇದರಿಂದ ಅಡುಗೆಮನೆ ಬಚ್ಚಲಿನ ಮಗ್ಗುಲಿಗೆ ಸರಿಯಿತು. ಈಗ ಆ ಮನೆಯಲ್ಲಿ ಒಗ್ಗರಣೆ ಬಿದ್ದಾಗಲೆಲ್ಲ ಸ್ನಾನಕ್ಕೆ ಹೋದವರು ಸೀನುತ್ತಾರೆ. ಆದರೂ ಸೂರ್ಯ ಮಾತ್ರ ದಿನಾ ಬೆಳಿಗ್ಗೆ ಸರಿಯಾದ ಬಾಗಿಲಿನಿಂದಲೇ ಒಳಗೆ ಬರುತ್ತಾನೆ ಎಂಬ ತೃಪ್ತಿ ಯಜಮಾನರಿಗಿದೆ.

ಈ ಪೂರ್ವದ ಹುಚ್ಚು ವಾಸ್ತು ಪಂಡಿತರು ಹತ್ತಿಸಿದ್ದು ಎಂದು ಬೈಯುವವರನ್ನು ನಾನು ಒಮ್ಮೆ ಮೊಳಕಾಲ್ಮುರು ತಾಲ್ಲೂಕಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿನ ಬ್ರಹ್ಮಗಿರಿಯ ಬುಡದಲ್ಲಿ ಮೂರು ಸಾವಿರ ವರ್ಷದಷ್ಟು ಹಳೆಯದೊಂದು ಬಡಾವಣೆ ಇದೆ. 300ರಷ್ಟು ನಿವೇಶನಗಳು. ಪ್ರತಿಯೊಂದಕ್ಕೂ ಗುಂಡುಕಲ್ಲಿನ ದುಂಡನೆಯ ಕಾಂಪೌಂಡು. ಅನೇಕದರ ಒಳಗೆ ನಾಲ್ಕು ಚಪ್ಪಡಿ ನಿಲ್ಲಿಸಿ ಕಟ್ಟಿದ ಒಂದೇ ಕೋಣೆಯ ಮನೆ, ಆ ಕೋಣೆಗೆ ಮೂಡಲ ಗೋಡೆಯಲ್ಲಿ ಒಂದು ಕಿಂಡಿ. ವಾಸ್ತು ಪ್ರಕಾರ ಎಲ್ಲವೂ ಪಕ್ಕಾ. ಒಂದೇ ಕೊರತೆ ಎಂದರೆ, ಇಲ್ಲಿ ನಿವೇಶನ ಮಂಜೂರಾಗಬೇಕಾದರೆ ಮೊದಲು ಸತ್ತಿರಬೇಕು.

ಪುರಾತತ್ವದವರು ಇವಕ್ಕೆ ಶಿಲಾವೃತ್ತ ಎನ್ನುತ್ತಾರೆ, ಕಾಲಕ್ಕೆ ಬೃಹತ್ ಶಿಲಾಯುಗ ಎನ್ನುತ್ತಾರೆ. ಹೆಸರು ಕೇಳಿ ಮುಗಿಲೆತ್ತರದ ಕಲ್ಲುಕಂಬಗಳನ್ನು ನಿರೀಕ್ಷಿಸಿಕೊಂಡು ಹೋದವರಿಗೆ ನಿರಾಸೆ ಕಾದಿರುತ್ತದೆ. ಈ ಸೀಮೆಯಲ್ಲಿ ಬೃಹತ್ತಾಗಿರುವುದೆಲ್ಲ ದೇವರೇ ಜೋಡಿಸಿದ್ದು. ಬಳ್ಳಾರಿಯ ಕಡೆಯಿಂದ ರಾಂಪುರ ದಾಟಿ ಬರುವಾಗ ಎರಡೂ ಬದಿಗೆ ಗುಂಡಿನ ಮೇಲೆ ಗುಂಡು ಕೂತ ಬೆಟ್ಟಗಳು. ಒಂದೊಂದು ಗುಂಡೂ ಈಗಲೋ ಆಗಲೋ ಉರುಳುತ್ತೇನೆ ಎನ್ನುವ ಹಾಗೆ ಕೂತು, ಉರುಳದೆ ಲಕ್ಷಾಂತರ ವರ್ಷ ಕಳೆದಿದೆ. ನಾಡಿನ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಇದೂ ಒಂದು. ಚಿನ್ನಹಗರಿ ಎಂಬ ಹೊಳೆ ಇದೆ, ಹೆಸರಿನಲ್ಲಿ ಚಿನ್ನ, ಪಾತ್ರದಲ್ಲಿ ಬಹುಪಾಲು ಮರಳು. ಹೊಲಗಳಲ್ಲಿ ಶೇಂಗಾ, ಬದುಗಳಲ್ಲಿ ಕತ್ತಾಳೆ, ಮಿಕ್ಕ ಕಡೆ ಜಾಲಿ ಮತ್ತು ತಂಗಡಿ. ಇಷ್ಟು ಒಣಗಿದ ನೆಲದಲ್ಲಿ ಕೂತ ಊರುಗಳ ಮಗ್ಗಗಳಿಂದ ಮೊಳಕಾಲ್ಮುರು ಸೀರೆಯಂಥ ಬಣ್ಣ ಹೇಗೆ ಹೊರಡುತ್ತದೆ ಎಂಬುದೇ ಬೇರೆ ಪ್ರಬಂಧಕ್ಕೆ ವಸ್ತು. ನಮ್ಮ ಮನೆಯವರಂತೂ ಆ ಪ್ರಬಂಧಕ್ಕೇ ಆದ್ಯತೆ ಕೊಡಬೇಕಿತ್ತು ಎನ್ನುತ್ತಾರೆ.

ಇಂಥ ಗುಂಡುಗಳ ರಾಜ್ಯದಲ್ಲಿ ಮನುಷ್ಯ ಜೋಡಿಸಿದ ಗುಂಡುಗಳನ್ನು ಕಂಡುಹಿಡಿಯುವುದು ಸುಲಭವಲ್ಲ. ಹುಲ್ಲು ಬೆಳೆದಿದ್ದರೆ ಕಾಲಿಗೆ ಎಡವಿದಾಗಲೇ ಗೊತ್ತು. ಮೊದಲು ಒಂದು ಕಲ್ಲು, ಮೊಣಕಾಲೆತ್ತರ, ಅರ್ಧ ನೆಲದಲ್ಲಿ ಹೂತಿದ್ದು. ಅದರಾಚೆ ಇನ್ನೊಂದು. ಮೂರನೆಯದು ಕಂಡಾಗ ಕಣ್ಣು ತಾನಾಗಿಯೇ ಬಾಗಿ ತಿರುಗುತ್ತದೆ, ನಾಲ್ಕನೆಯದನ್ನು ಅದು ಇರಬೇಕಾದ ಜಾಗದಲ್ಲೇ ಹುಡುಕುತ್ತದೆ. ಅಲ್ಲಿ ಅದು ಇರುತ್ತದೆ, ಇಲ್ಲವೇ ಅದನ್ನು ಕಿತ್ತ ಗುಂಡಿ ಇರುತ್ತದೆ. ಹದಿನೈದು ಇಪ್ಪತ್ತು ಅಡಿ ಅಗಲದ ಸುತ್ತು ಪೂರ್ತಿಯಾದ ಮೇಲೆ ನಡುವೆ ನೋಡಿದರೆ ಕಲ್ಲುಚೂರಿನ ಗುಪ್ಪೆ, ಅದರ ನಡುವಿನಿಂದ ಮೂಗು ಹೊರಹಾಕಿದ ಚಪ್ಪಡಿಯ ಅಂಚು. ಒಂದು ಕಡೆ ಆ ಚಪ್ಪಡಿಯಲ್ಲಿ ಕೊರೆದ ಕಿಂಡಿಯ ಅರ್ಧ ಮಾತ್ರ ಉಳಿದಿತ್ತು. ಬೆರಳಾಡಿಸಿ ನೋಡಿದೆ. ಹೊರಮೈ ಒರಟು, ಬೂದುಬಣ್ಣದ ಕಲ್ಲುಹೂವು ಹತ್ತಿಕೊಂಡಿದೆ. ಕಿಂಡಿಯ ಒಳಅಂಚು ಮಾತ್ರ ಎರಡೂ ಕಡೆಯಿಂದ ಕುಟ್ಟಿ ಕುಟ್ಟಿ ತೆಳುವಾಗಿಸಿ, ನಡುವೆ ಒಂದು ಏಣು ಉಳಿಸಿದ ಹಾಗಿದೆ. ಕುಟ್ಟಿದವನು ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕೆಲಸ ಮಾಡಿ ಮಧ್ಯದಲ್ಲಿ ತನ್ನನ್ನು ತಾನೇ ಎದುರುಗೊಂಡಿದ್ದಾನೆ.

ಕಟ್ಟೋಣದ ವಿಚಾರದಲ್ಲಿ ಇವರು ಸಾಮಾನ್ಯರಲ್ಲ. ಪದರಪದರವಾಗಿ ಏಳುವ ಕಣಶಿಲೆಯ ಬಂಡೆಗೆ ಬೆಂಕಿ ಹಾಕಿ ಕಾಯಿಸಿದರೆ ಹಪ್ಪಳೆ ಏಳುತ್ತದೆ. ಅದನ್ನು ಮೀಟಿ ಎಬ್ಬಿಸಿದರೆ ಚಪ್ಪಡಿ. ಇವತ್ತಿಗೂ ನಮ್ಮ ಕಲ್ಲುಕುಟಿಕರು ಬಲ್ಲ ಉಪಾಯವೇ. ಹಾಗೆ ಎಬ್ಬಿಸಿದ ಚಪ್ಪಡಿಗಳನ್ನು ತಳದ ಹಾಸುಗಲ್ಲಿನ ಸುತ್ತ ನಾಲ್ಕು ಗೋಡೆಯಾಗಿ ನಿಲ್ಲಿಸುವಾಗ ಮೂಲೆಗೆ ಮೂಲೆ ಕೂಡಿಸಿಬಿಡಲಿಲ್ಲ. ಒಂದೊಂದು ಗೋಡೆಯ ತುದಿಯೂ ಮುಂದಿನದನ್ನು ದಾಟಿ ಚಾಚಿಕೊಳ್ಳುವಂತೆ ಇಟ್ಟರು. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಇದನ್ನು ಕಂಡ ಕೂಡಲೇ ಭಕ್ತಿಯಿಂದ ಕೈಮುಗಿಯುವವರಿದ್ದಾರೆ. ಆದರೆ ಇದರಲ್ಲಿ ಭಕ್ತಿಗಿಂತ ಬುದ್ಧಿ ಹೆಚ್ಚು. ಹೊರಗಿನ ಮಣ್ಣು ಒಳಕ್ಕೆ ಒತ್ತಿದಷ್ಟೂ ಒಂದು ಚಪ್ಪಡಿ ಇನ್ನೊಂದಕ್ಕೆ ಆನಿಸಿಕೊಂಡು ಬಿಗಿಯಾಗುತ್ತದೆ. ಗಾರೆಯಿಲ್ಲ, ಸಿಮೆಂಟಿಲ್ಲ, ಕಂತ್ರಾಟುದಾರನಿಲ್ಲ. ಮೂರು ಸಾವಿರ ವರ್ಷ ನಿಂತಿದೆ. ಮೂರನೆಯ ಕಾರಣವೇ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ.

ಇನ್ನು ಇದನ್ನು ಕಟ್ಟಿದವರು ತಾವು ಎಂಥ ಮನೆಯಲ್ಲಿದ್ದರು ಎಂದು ಕೇಳಿ. ಪಕ್ಕದಲ್ಲೇ ಅವರ ಊರಿತ್ತು. ಅಲ್ಲಿ ಅಗೆದಾಗ ಸಿಕ್ಕಿದ್ದು ಮರದ ಗೂಟ ನೆಟ್ಟ ಕುಳಿಗಳು, ಮಡಕೆ ಚೂರು, ಮಣ್ಣು. ಬದುಕಿದ್ದವರು ಗೂಟ, ತಡಿಕೆಗಳ ಗುಡಿಸಿಲಿನಲ್ಲಿ ಮಳೆಗೆ ಸೋರಿಸಿಕೊಂಡು ಇದ್ದರು, ಸತ್ತವರಿಗೆ ಕಲ್ಲುಮನೆ ಕಟ್ಟಿಕೊಟ್ಟರು. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಅಪ್ಪನಿಗೆ ವರ್ಷಕ್ಕೊಂದು ಎಡೆ, ಗೋಡೆಯ ಮೇಲೊಂದು ಫೋಟೊ, ಫೋಟೊಗೆ ಪ್ಲಾಸ್ಟಿಕ್ ಹಾರ. ನಮಗೆ ಮಾತ್ರ ಇಟಾಲಿಯನ್ ಮಾರ್ಬಲ್. ಹಾಗಂತ ಆ ಕಾಲದ ಮಕ್ಕಳೆಲ್ಲ ಶ್ರವಣಕುಮಾರರೇ ಎಂದು ನಾನು ಹೇಳುತ್ತಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ಚಪ್ಪಡಿ ಎಳೆಯುವ ದಿನ ಒಬ್ಬನಿಗೆ ಬೆನ್ನುನೋವು ಬಂದೇ ಬಂದಿರುತ್ತದೆ.

ಒಂದೊಂದು ಕೋಣೆಯಲ್ಲಿ ಒಬ್ಬರದಲ್ಲ, ಹಲವರ ಮೂಳೆಗಳು ಸಿಕ್ಕಿವೆ. ಅದೂ ಇಡಿಯ ದೇಹಗಳಲ್ಲ, ಆಯ್ದು ತಂದಿಟ್ಟ ಮೂಳೆಗಳು. ಕಿಂಡಿ ಇದ್ದದ್ದು ಇದಕ್ಕೇ ಇರಬೇಕು. ಮುಂದೆ ಮನೆಯಲ್ಲಿ ಇನ್ನೊಬ್ಬರು ಹೋದಾಗ ಮುಚ್ಚುಗಲ್ಲು ಸರಿಸಿ ಒಳಗೆ ಸೇರಿಸಬೇಕಲ್ಲ! ಜತೆಗೆ ಗಡಿಗೆ, ಬಟ್ಟಲು, ಕಬ್ಬಿಣದ ಆಯುಧ. ಗಡಿಗೆಗಳ ಸೊಗಸು ನೋಡಬೇಕು: ಒಳಗೆ ಮತ್ತು ಬಾಯಂಚು ಕಪ್ಪು, ಕೆಳಗಿನ ಮೈ ಕೆಂಪು. ಆವಿಗೆಯಲ್ಲಿ ಬೋರಲು ಹಾಕಿ ಸುಟ್ಟರೆ ಗಾಳಿ ತಾಕದ ಭಾಗ ಕಪ್ಪಾಗುತ್ತದೆ, ತಾಕಿದ್ದು ಕೆಂಪಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹೊಳಪು ಹಾಗೇ ಇದೆ.

ಇಷ್ಟೆಲ್ಲ ಮನೆಮಾತಿನಂಥ ವಿಷಯ ಇರುವಾಗ, ಈ ಕಲ್ಲುಗಳ ಹೆಸರೆತ್ತಿದರೆ ಸಾಕು 'ನಿಗೂಢ' ಎಂಬ ವಿಶೇಷಣವನ್ನು ಯಾಕೆ ಹಚ್ಚುತ್ತಾರೋ ನನಗೆ ತಿಳಿಯದು. ಟೀವಿಯವರು ಹಿನ್ನೆಲೆಗೆ ನಗಾರಿ ಬಾರಿಸಿ, ಕ್ಯಾಮೆರಾವನ್ನು ಕಲ್ಲಿನ ಸುತ್ತ ಗಿರಗಿರ ತಿರುಗಿಸಿ, ಅನ್ಯಗ್ರಹದವರೇ ಬಂದು ಕಟ್ಟಿ ಹೋದರೋ ಎಂದು ಕೇಳುತ್ತಾರೆ. ಅನ್ಯಗ್ರಹದಿಂದ ಅಷ್ಟು ದೂರ ಬಂದವರು ಮೊಳಕಾಲ್ಮುರಿನಲ್ಲಿ ಇಳಿದು, ನಮ್ಮ ಕಲ್ಲನ್ನೇ ಎಬ್ಬಿಸಿ, ನಮ್ಮ ಕುಡುಗೋಲನ್ನೇ ಒಳಗಿಟ್ಟು, ಪೂರ್ವಕ್ಕೇ ಬಾಗಿಲು ಬಿಟ್ಟು ಹೋಗುವುದಾದರೆ ಅವರನ್ನು ಅನ್ಯರು ಎಂದು ಕರೆಯುವುದೇ ತಪ್ಪು. ರೇಷನ್ ಕಾರ್ಡು ಮಾಡಿಸಿ ಕೊಡಬೇಕು.

ಹಳ್ಳಿಗರ ವಿವರಣೆ ಇದಕ್ಕಿಂತ ಎಷ್ಟೋ ವಾಸಿ. ಕರ್ನಾಟಕದಲ್ಲಿ ಇಂಥ ಗೋರಿಗಳಿಗೆ ಎರಡು ಮನೆತನದವರು ಹಕ್ಕುದಾರರು. ಒಬ್ಬರು ಪಾಂಡವರು. ಕೊಡಗಿನಿಂದ ಬೀದರಿನವರೆಗೆ ಅವರು ಇಳಿದುಕೊಂಡ ಗುಹೆ, ಕಟ್ಟಿದ ಕಲ್ಲುಮನೆ, ಭೀಮ ಒಲೆ ಹೂಡಿದ ಗುಂಡು, ಇವನ್ನೆಲ್ಲ ಕೂಡಿಸಿದರೆ ಹನ್ನೆರಡು ವರ್ಷದ ವನವಾಸದಲ್ಲಿ ಅವರಿಗೆ ಊಟಕ್ಕೆ ಕೂರಲೂ ಪುರುಸೊತ್ತಿರಲಿಲ್ಲ ಎನ್ನಬೇಕು. ಇನ್ನೊಬ್ಬರು ಮೋರ್ಯರು. ಮೂರಡಿ ಎತ್ತರದ ಜನ, ಬಹಳ ಬಲಶಾಲಿಗಳು, ಒಂದು ಕಾಲದಲ್ಲಿ ಗುಡ್ಡದ ಮೇಲೆಲ್ಲ ಇದ್ದರಂತೆ. ಸಾಕ್ಷಿ ಬೇಕೆ? ಆ ಕಿಂಡಿ ನೋಡಿ. ಅದರಲ್ಲಿ ತೂರಿ ಒಳಗೆ ಹೋಗಿ ಸಂಸಾರ ಮಾಡಬೇಕಾದರೆ ಎಷ್ಟು ಎತ್ತರ ಇರಲು ಸಾಧ್ಯ? ತರ್ಕದಲ್ಲಿ ದೋಷವೇ ಇಲ್ಲ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನಲ್ಲಿ ಗುಡ್ಡದ ನೆತ್ತಿಯ ಮೇಲೆ ನೆಲದಿಂದ ಮೇಲೆದ್ದು ನಿಂತ ಕಲ್ಲುಮನೆಗಳು ನೂರುಗಟ್ಟಲೆ ಇವೆ. ಆ ಗುಡ್ಡಕ್ಕೇ ಮೋರ್ಯರ ಗುಡ್ಡ ಎಂದು ಹೆಸರು. ಅಲ್ಲೊಂದು ದೊಡ್ಡ ಬಂಡೆಯ ಮೇಲೆ ನಗಾರಿಯಂತೆ ಕೂತ ಗುಂಡಿದೆ, ಹೊಡೆದರೆ ಠಣ್ಣೆಂದು ದೂರದವರೆಗೆ ಕೇಳುತ್ತದೆ. ಬ್ರಹ್ಮಗಿರಿಯಲ್ಲಿ ಹಾಗೆ ಬಾರಿಸುವಂಥದ್ದೇನೂ ಇಲ್ಲದ್ದರಿಂದ ಪ್ರವಾಸಿಗರ ಓಟ ಅತ್ತಲೇ ಹೆಚ್ಚು.

ಮೋರ್ಯರ ಜಾಡು ಹಿಡಿದು ಬಂದ ದೊರೆಗಳಲ್ಲಿ ನನಗೆ ಬಹಳ ಹಿಡಿಸುವವನು ಮೆಡೋಸ್ ಟೇಲರ್. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಕಂಪನಿ ಸರಕಾರದವರು ಕಳಿಸಿದ ಅಧಿಕಾರಿ. ಠಗ್ಗರ ಮೇಲೆ ಕಾದಂಬರಿ ಬರೆದು 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ಬಿಡುವಿನ ವೇಳೆಯಲ್ಲಿ ಜೇವರ್ಗಿ, ರಾಜನಕೋಳೂರು, ವಿಭೂತಿಹಳ್ಳಿ ಎಂದು ಸುತ್ತಿ ಕಲ್ಲುಗೋರಿಗಳನ್ನು ಅಳೆದ, ಕೆಲವನ್ನು ಅಗೆಸಿದ, ನಕ್ಷೆ ಬರೆದ. ಸುಡುಬಿಸಿಲಿನಲ್ಲಿ ಟೋಪಿ ಹಾಕಿಕೊಂಡು ಬಗ್ಗಿ ಕಿಂಡಿಯೊಳಗೆ ಇಣುಕಿದವನಿಗೆ ಒಳಗೆ ಕಂಡದ್ದು ತನ್ನ ತೌರೂರು. ಇಂಗ್ಲೆಂಡಿನಲ್ಲೂ ಇಂಥ ಕಲ್ಲಿನ ಸುತ್ತುಗಳಿವೆ, ಇಂಥ ಗೋರಿಗಳಿವೆ. ಹಾಗಾದರೆ ಕಟ್ಟಿದವರೂ ಅವರೇ ಇರಬೇಕು ಎಂದು ಊಹಿಸಿ ಕೆಲ್ಟರು, ಡ್ರೂಯಿಡರು, ಸಿಥಿಯನ್ನರು ಮೂವರನ್ನೂ ತನ್ನ ಲೇಖನದ ತಲೆಬರಹದಲ್ಲೇ ಸಾಲಾಗಿ ಕೂರಿಸಿದ. ಮನೆ ಬಿಟ್ಟು ಬಂದ ಮನುಷ್ಯ, ಪಾಪ. ನಮ್ಮವರು ನ್ಯೂಜೆರ್ಸಿಗೆ ಹೋಗಿ ಅಲ್ಲಿನ ಗುಡ್ಡ ನೋಡಿ 'ಥೇಟ್ ನಮ್ಮ ಸಕಲೇಶಪುರ' ಎನ್ನುವುದಿಲ್ಲವೆ? ಟೇಲರನ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ. ಅವನ ಅಳತೆ, ನಕ್ಷೆಗಳನ್ನು ಮಾತ್ರ ಎಲ್ಲರೂ ಬಳಸುತ್ತಾರೆ.

ಬ್ರಹ್ಮಗಿರಿಗೆ ಬಂದವರ ಕಥೆ ಬೇರೆ. ಮೈಸೂರಿನ ಎಂ. ಎಚ್. ಕೃಷ್ಣ ಅವರು ಇಲ್ಲಿ ಮೊದಲು ಅಗೆದು, ಇದು ಮಾಮೂಲಿ ಜಾಗವಲ್ಲ ಎಂದು ತೋರಿಸಿದ್ದರು. ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಆಗ ಅವರು ಇಡೀ ದೇಶದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರು. ಯುದ್ಧದಿಂದ ನೇರವಾಗಿ ಬಂದ ಬ್ರಿಗೇಡಿಯರ್, ಹುರಿಮಾಡಿದ ಮೀಸೆ, ಅಗೆತವನ್ನೂ ದಂಡಯಾತ್ರೆಯ ಶಿಸ್ತಿನಲ್ಲೇ ನಡೆಸಿದವರು. ಮುಂದೆ ಊರಿಗೆ ಮರಳಿದ ಮೇಲೆ ಬಿಬಿಸಿ ಟೀವಿಯ ರಸಪ್ರಶ್ನೆಯಲ್ಲಿ ಕೂತು ಅಲ್ಲೂ ಜನಪ್ರಿಯರಾದರು. ದೇಶವೆಲ್ಲ ಸ್ವಾತಂತ್ರ್ಯ, ವಿಭಜನೆ ಎಂದು ಕುದಿಯುತ್ತಿದ್ದ ವರ್ಷದಲ್ಲಿ ಇವರು ಮೊಳಕಾಲ್ಮುರು ಸೀಮೆಯಲ್ಲಿ ಚೌಕ ಚೌಕವಾಗಿ ದಾರ ಎಳೆದು, ಚೌಕಗಳ ನಡುವೆ ಮಣ್ಣಿನ ಗೋಡೆ ಉಳಿಸಿ, ಆ ಗೋಡೆಯಲ್ಲಿ ಒಂದೊಂದು ಕಾಲದ ಪದರವನ್ನೂ ಗುರುತು ಹಾಕಿಸಿದರು. ಕೆಳಗೆ ಕಲ್ಲುಕೊಡಲಿಯವರು, ಅವರ ಮೇಲೆ ಕಬ್ಬಿಣ ಬಲ್ಲ ಈ ಶಿಲಾವೃತ್ತದವರು, ಅವರ ಮೇಲೆ ಸಾತವಾಹನರ ಕಾಲದವರು.

ವೀಲರರಿಗೆ ಇಲ್ಲಿ ಇನ್ನೊಂದು ಬಗೆಯ ಸುತ್ತು ಸಿಕ್ಕಿತು. ಹೊರಗೆ ಅದೇ ಗುಂಡುಕಲ್ಲಿನ ಬಳೆ. ಒಳಗೆ ಮಾತ್ರ ಚಪ್ಪಡಿ ಕೋಣೆ ಇಲ್ಲ, ಆಳವಾದ ಗುಂಡಿ, ತಳದಲ್ಲಿ ಯಾವುದನ್ನೋ ಆನಿಸಿಡಲು ಇಟ್ಟಂಥ ನಾಲ್ಕು ಕಲ್ಲು. ಮೂಳೆಯೇ ಇಲ್ಲ. ಸತ್ತವರನ್ನು ಮೊದಲು ಇಲ್ಲಿ ಚಟ್ಟದ ಮೇಲೆ ಮಲಗಿಸಿ, ಮಾಂಸ ಕಳೆದ ಮೇಲೆ ಮೂಳೆ ಆಯ್ದು ಕಲ್ಲುಮನೆಗೆ ಸಾಗಿಸುತ್ತಿದ್ದಿರಬೇಕು ಎಂದು ಅವರು ಊಹಿಸಿದರು. ಅಂದರೆ ಖಾಯಂ ಮನೆ ಸಿಗುವವರೆಗೆ ಇರಲು ಬಾಡಿಗೆ ಮನೆ. ಮೂರು ಸಾವಿರ ವರ್ಷದ ಹಿಂದೆಯೂ ಗೃಹಪ್ರವೇಶಕ್ಕೆ ಮುಂಚೆ ಒಂದಷ್ಟು ದಿನ ಕಾಯಬೇಕಿತ್ತು.

ಈ 'ಮೂರು ಸಾವಿರ'ದ ಲೆಕ್ಕ ವೀಲರರದಲ್ಲ. ಅವರ ಲೆಕ್ಕ ಹೀಗೆ: ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮನರ ಸಾಮಾನಿನ ಜೊತೆಗೆ ಗೀರುಚಿತ್ತಾರದ ಒಂದು ಬಗೆಯ ಮಡಕೆ ಸಿಕ್ಕಿತ್ತು. ಅದೇ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಇತ್ತು. ಹಾಗಾಗಿ ಅದು ಕ್ರಿಸ್ತಶಕದ ಮೊದಲ ಶತಮಾನದ್ದು. ಅಲ್ಲಿಂದ ಕೆಳಕ್ಕೆ ಮಣ್ಣಿನ ದಪ್ಪ ನೋಡಿಕೊಂಡು ಎಣಿಸುತ್ತ ಹೋಗಿ, ಶಿಲಾವೃತ್ತದವರು ಬಂದದ್ದು ಕ್ರಿ.ಪೂ. 200ರ ಸುಮಾರಿಗೆ ಎಂದು ತೀರ್ಮಾನ ಕೊಟ್ಟರು. ಅದನ್ನು ಬಹುಕಾಲ ಎಲ್ಲರೂ ನಂಬಿಕೊಂಡರು. ಆಮೇಲೆ ಇಂಗಾಲದ ಪರೀಕ್ಷೆ ಬಂತು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದರು. ಅಲ್ಲಿ ಸಿಕ್ಕ ಇದ್ದಿಲು, ಕನ್ನಡನಾಡಿಗೆ ಕಬ್ಬಿಣ ಬಂದದ್ದು ಕ್ರಿ.ಪೂ. 1000ದ ಹೊತ್ತಿಗೇ ಎಂದು ಹೇಳಿತು. ಬ್ರಹ್ಮಗಿರಿಯ ಕಲ್ಲುಗಳಿಗೆ ಒಂದೇ ಏಟಿಗೆ ಎಂಟುನೂರು ವರ್ಷ ವಯಸ್ಸಾಯಿತು. ವಯಸ್ಸು ಹೆಚ್ಚಾದದ್ದಕ್ಕೆ ಸಂತೋಷಪಡುವವರು ಪುರಾತತ್ವದ ಕಲ್ಲುಗಳು ಮತ್ತು ಪಿಂಚಣಿಯ ಅರ್ಜಿದಾರರು ಮಾತ್ರ.

ವಯಸ್ಸಿನ ಈ ತಿದ್ದುಪಡಿಯಿಂದ ಒಂದು ತಮಾಷೆಯಾಯಿತು. ಅದನ್ನು ಹೇಳಬೇಕಾದರೆ ಬೆಟ್ಟದ ಬುಡದ ಇನ್ನೊಂದು ಕಲ್ಲಿನ ಹತ್ತಿರ ಹೋಗಬೇಕು. ಊರಿನವರು ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಬಿ. ಎಲ್. ರೈಸ್ 1892ರಲ್ಲಿ ಇಲ್ಲಿಗೆ ಬಂದು ನೋಡಿದರೆ ಅದು ಅಶೋಕನ ಶಾಸನ. ಅದೇ ಸುತ್ತಿನಲ್ಲಿ ಸಿದ್ದಾಪುರದಲ್ಲೊಂದು, ಜಟಿಂಗ ರಾಮೇಶ್ವರದ ಬೆಟ್ಟದಲ್ಲೊಂದು. ಊರಿಗೀಗ ಅಶೋಕ ಸಿದ್ದಾಪುರ ಎಂದೇ ಹೆಸರು. ಜಟಿಂಗ ರಾಮೇಶ್ವರದ್ದು ಬಹಳ ಸವೆದಿದೆ. ಅದಕ್ಕೆ ಬಳೆಗಾರಗುಂಡು ಎಂದು ಹೆಸರಿತ್ತು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು, ಚಪ್ಪರದ ಗೂಟಕ್ಕೆಂದು ಬಂಡೆಯಲ್ಲಿ ಕುಳಿ ಕೊರೆದಿದ್ದರು. ರಾವಣನ ಕತ್ತಿಗೆ ಸಿಕ್ಕಿ ಜಟಾಯು ಬಿದ್ದದ್ದು ಆ ಬೆಟ್ಟದಲ್ಲೇ ಎಂದು ಅಲ್ಲಿಯವರ ನಂಬಿಕೆ. ಜಟಾಯುವಿಗೂ ಅಶೋಕನಿಗೂ ಬಳೆಗಾರರಿಗೂ ಒಂದೇ ಬೆಟ್ಟ ಸಾಕಾಯಿತು, ಯಾರೂ ಯಾರ ಮೇಲೂ ದಾವೆ ಹೂಡಲಿಲ್ಲ.

ಬ್ರಹ್ಮಗಿರಿಯ ಶಾಸನ ಓದಿದರೆ ಸರಕಾರಿ ಸುತ್ತೋಲೆಯ ವಂಶ ಎಷ್ಟು ಪುರಾತನ ಎಂದು ತಿಳಿಯುತ್ತದೆ. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ, ಕ್ಷೇಮ ಸಮಾಚಾರ ವಿಚಾರಿಸಿ, ಎಂದು ಆರಂಭ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಆಮೇಲೆ ದೇವಾನಾಂಪ್ರಿಯನ ಆಜ್ಞೆ. ತಾನು ಉಪಾಸಕನಾಗಿ ಎರಡೂವರೆ ವರ್ಷವಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ ಎಂದು ರಾಜ ಒಪ್ಪಿಕೊಳ್ಳುತ್ತಾನೆ. ಯಾವ ಅಧಿಕಾರಿಯೂ ಆಮೇಲೆ ಬರವಣಿಗೆಯಲ್ಲಿ ಒಪ್ಪಿಕೊಳ್ಳದ ಸಂಗತಿ ಇದು. 256 ರಾತ್ರಿ ಪ್ರವಾಸದಲ್ಲಿದ್ದ ಲೆಕ್ಕವೂ ಇದೆ. ಭತ್ಯೆ ಬಂತೋ ಇಲ್ಲವೋ ನಮೂದಾಗಿಲ್ಲ. ಕೊನೆಯಲ್ಲಿ ಕೆತ್ತಿದ ಚಪಡ ಎಂಬ ಲಿಪಿಕಾರ ರುಜು ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ 'ಲಿಪಿಕಾರ' ಎಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಲಿಪಿ ದೂರದ ಗಾಂಧಾರದ ಕಡೆಯದು. ಈ ಸೀಮೆಯಲ್ಲಿ ಅದನ್ನು ಓದಬಲ್ಲ ಒಂದು ಪಿಳ್ಳೆಯೂ ಇದ್ದಿರಲಾರದು. ಓದಲು ಬಾರದಂತೆ ರುಜು ಹಾಕುವ ಪದ್ಧತಿ ಅಲ್ಲಿಂದಲೇ ಬಂತೇನೋ.

ಸರಿ, ಆಜ್ಞೆ ಏನು? ತಾಯಿತಂದೆಯರ ಮಾತು ಕೇಳಬೇಕು. ಪ್ರಾಣಿಗಳಲ್ಲಿ ದಯೆ ಇರಬೇಕು. ಸತ್ಯ ನುಡಿಯಬೇಕು. ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಂದಿಗೆ ಸರಿಯಾಗಿ ನಡೆದುಕೊಳ್ಳಬೇಕು. ಒಳ್ಳೆಯ ಮಾತುಗಳೇ. ಆದರೆ ಇದನ್ನು ಯಾರಿಗೆ ಹೇಳಿದ್ದು ನೋಡಿ! ವೀಲರರ ಲೆಕ್ಕದಲ್ಲಿ ಶಿಲಾವೃತ್ತಗಳು ಅಶೋಕನ ತರುವಾಯ ಬಂದಂಥವು. ಹಾಗಿದ್ದರೆ, ತಂದೆತಾಯಿಗಳನ್ನು ನೋಡಿಕೊಳ್ಳಿ ಎಂದು ರಾಜ ಹೇಳಿದ, ಜನ ಕಲ್ಲುಮನೆ ಕಟ್ಟಲು ಶುರುಮಾಡಿದರು ಎಂದು ತಲೆದೂಗಬಹುದಿತ್ತು. ಇಂಗಾಲ ಆ ಸಾಲನ್ನೇ ಹಿಂದುಮುಂದು ಮಾಡಿತು. ಚಪಡ ಉಳಿ ಸುತ್ತಿಗೆ ಹಿಡಿದು ಇಸಿಲಕ್ಕೆ, ಅಂದರೆ ಈ ಬೆಟ್ಟದ ಬುಡಕ್ಕೆ, ಬಂದಾಗ ಈ ಸುತ್ತುಗಳು ಆಗಲೇ ಇದ್ದವು, ಕೆಲವು ಶತಮಾನಗಳಷ್ಟು ಹಳೆಯವಾಗಿದ್ದವು. ಅಪ್ಪ ಅಮ್ಮ ಸತ್ತ ಮೇಲೂ ಅವರಿಗಾಗಿ ಬೆಂಕಿ ಹಾಕಿ ಬಂಡೆ ಎಬ್ಬಿಸಿ, ಟನ್ನುಗಟ್ಟಲೆ ತೂಗುವ ಚಪ್ಪಡಿಯನ್ನು ಭುಜ ಕೊಟ್ಟು ಸಾಗಿಸಿ, ಮೂಳೆ ಆಯ್ದು ತಂದು, ಪಕ್ಕದಲ್ಲಿ ಉಣ್ಣುವ ಬಟ್ಟಲಿಟ್ಟು, ಬೆಳಕು ಬೀಳಲೆಂದು ಮೂಡಲಿಗೆ ಕಿಂಡಿ ಬಿಟ್ಟ ಜನ. ಅವರ ಮುಂದೆ ನಿಂತು ರಾಜನ ಕಡೆಯವನೊಬ್ಬ ಗಂಟಲು ಸರಿಮಾಡಿಕೊಂಡು 'ತಾಯಿತಂದೆಯರನ್ನು ಗೌರವಿಸಿರಿ' ಎಂದು ಓದುತ್ತಾನೆ. ಗುಂಪಿನ ಹಿಂದೆ ನಿಂತ ಮುದುಕಿಯೊಬ್ಬಳು ಪಕ್ಕದವಳ ಪಕ್ಕೆ ತಿವಿದು ಏನೋ ಅಂದಿರಲೇಬೇಕು. ಅದನ್ನು ಯಾರೂ ಬಂಡೆಯ ಮೇಲೆ ಕೆತ್ತಲಿಲ್ಲ. ಬ್ರಹ್ಮಗಿರಿಯ ನಿಜವಾದ ನಷ್ಟ ಅದೇ.

ಹೆಸರಿನ ಸೇಡು ಬೇರೆ. ಮೋರ್ಯರ ಮನೆ ಎಂಬ ಮಾತು ಕೇಳಿ, ಇದು ಮೌರ್ಯರದೇ ಇರಬೇಕು ಎಂದು ವಿದ್ವಾಂಸರಲ್ಲೂ ಕೆಲವರು ಎಣಿಸಿದರು. ಮನೆ ಕಟ್ಟಿದವರು ಇವರು, ಪಹಣಿ ಸುತ್ತೋಲೆ ಕಳಿಸಿದವರ ಹೆಸರಿಗೆ!

ಈಚಿನವರು ಈ ಕಲ್ಲುಗಳನ್ನು ನಡೆಸಿಕೊಂಡ ರೀತಿ ಮಿಶ್ರವಾದದ್ದು. ಅಕ್ಷರಗುಂಡಿಗೆ ಸರಕಾರದವರು ಸೂರು ಕಟ್ಟಿಸಿದ್ದಾರೆ, ಬೇಲಿ ಹಾಕಿ ಫಲಕ ನೆಟ್ಟಿದ್ದಾರೆ. ಅಕ್ಷರವಿಲ್ಲದ ಗುಂಡುಗಳಿಗೆ ಆ ಭಾಗ್ಯ ಕಡಿಮೆ. ಹದವಾದ ಗಾತ್ರದ ಗುಂಡುಕಲ್ಲು ಬೇರೊಬ್ಬರು ಆಗಲೇ ಆಯ್ದು ಸಾಲಾಗಿಟ್ಟಿದ್ದರೆ, ಹೊಲದ ಬದುವಿಗೆ ಕಲ್ಲು ಬೇಕಾದ ರೈತ ಗುಡ್ಡಕ್ಕೆ ಯಾಕೆ ಹೋಗುತ್ತಾನೆ? ಚಪ್ಪಡಿಯೂ ಅಷ್ಟೆ, ಬಟ್ಟೆ ಒಗೆಯಲು, ಚರಂಡಿ ದಾಟಲು ಹೇಳಿ ಮಾಡಿಸಿದ್ದು. ಇದರಲ್ಲಿ ದುರುದ್ದೇಶವಿಲ್ಲ. ದುರುದ್ದೇಶ ಇರುವವರು ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ಬರುವ ನಿಧಿಯ ಭಕ್ತರು. ವೀಲರರಿಗೆ ಒಂದು ಗೋರಿಯಲ್ಲಿ ಚಿನ್ನದ ಪುಟ್ಟ ಮಣಿಗಳು ಸಿಕ್ಕಿದ್ದು ನಿಜ. ಆ ಮಣಿಗಳನ್ನೆಲ್ಲ ಮಾರಿದರೂ ಜೇಸೀಬಿಯ ಒಂದು ರಾತ್ರಿಯ ಬಾಡಿಗೆ ಹುಟ್ಟುತ್ತಿತ್ತೋ ಇಲ್ಲವೋ. ಈ ಲೆಕ್ಕವನ್ನು ಅವರಿಗೆ ಯಾರಾದರೂ ಮೊದಲೇ ಮಾಡಿಕೊಟ್ಟಿದ್ದರೆ ಎಷ್ಟೋ ಗೋರಿಗಳು ಉಳಿಯುತ್ತಿದ್ದವು.

ನನ್ನನ್ನೂ ಆ ಗುಂಪಿಗೇ ಸೇರಿಸಿದವರು ಒಬ್ಬರಿದ್ದರು. ಶೇಂಗಾ ಹೊಲದ ನಡುವೆ ಒಂದು ಪೂರ್ತಿ ಸುತ್ತು ಉಳಿದದ್ದು ಕಂಡು ಅದರ ಸುತ್ತ ನಾನು ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ಬದುವಿನ ಮೇಲೆ ಕೂತಿದ್ದ ಹೊಲದ ಯಜಮಾನರು ಬೀಡಿ ಆರಿಸಿ ಕೇಳಿದರು:

"ಏನ್ ಸಾರ್, ಅಳೀತಾ ಇದೀರಾ? ಒಳಗೇನೂ ಇಲ್ಲ ಬಿಡಿ. ನಮ್ಮ ತಾತನ ಕಾಲ್ದಾಗೇ ನೋಡ್ಯವ್ರೆ."

ನಾನು ಅಂಥವನಲ್ಲ, ಸುಮ್ಮನೆ ನೋಡಲು ಬಂದವನು ಎಂದೆ. ಸುಮ್ಮನೆ ನೋಡಲು ಬಸ್ ಚಾರ್ಜು ಖರ್ಚು ಮಾಡಿಕೊಂಡು ಬರುವವನಿಗಿಂತ ನಿಧಿಗೆ ಬರುವವನೇ ಹೆಚ್ಚು ನಂಬಿಕಸ್ಥ ಎಂಬಂತೆ ಅವರು ನನ್ನನ್ನು ನೋಡಿದರು. ಇದನ್ನು ಯಾಕೆ ಕೀಳದೆ ಬಿಟ್ಟಿದ್ದೀರಿ ಎಂದು ಕೇಳಿದೆ. ಸುತ್ತಲಿನ ಹೊಲಗಳಲ್ಲಿ ಒಂದೂ ಉಳಿದಿಲ್ಲವಲ್ಲ.

"ನಾನ್ ಬಿಟ್ಟಿಲ್ಲ ಸಾರ್, ನಮ್ಮವ್ವ ಬಿಡಲ್ಲ. ಯಾರ್ದೋ ಮನೆ ಅದು, ನಿಂಗ್ಯಾಕೆ ಅಂತಾಳೆ. ಮನೆಯೋರು ಎಲ್ಲವ್ರೆ ಅಂದ್ರೆ, ಇದ್ರೇನು ಇಲ್ದಿದ್ರೇನು, ಮನೆ ಮನೇನೇ ಅಂತಾಳೆ."

"ಒಳ್ಳೇದೇ ಆಯ್ತಲ್ಲ."

"ಏನ್ ಒಳ್ಳೇದು ಸಾರ್? ಟ್ಯಾಕ್ಟ್ರು ತಿರುಗಾಕೆ ಆಗಲ್ಲ. ಇದ್ನ ಸುತ್ಹಾಕ್ಕಂಡು ಹೊಡೀಬೇಕು ಅಂತ ಡ್ರೈವರ್ರು ಗಂಟೆಗೆ ನೂರು ರೂಪಾಯಿ ಜಾಸ್ತಿ ಕೇಳ್ತಾನೆ. ನೀವು ದೊಡ್ಡೋರು, ಬೆಂಗ್ಳೂರಾಗೆ ಇದೀರಾ, ಈ ನೂರು ರೂಪಾಯ್ನ ಯಾವ್ದಾದ್ರೂ ಇಲಾಖೇಲಿ ಕೊಡ್ತಾರಾ ಕೇಳಿ ನೋಡಿ."

ಕೇಳುತ್ತೇನೆ ಎಂದೆ. ಯಾವ ನಮೂನೆಯಲ್ಲಿ, ಯಾರ ಹೆಸರಿಗೆ ಅರ್ಜಿ ಎಂದು ಇಬ್ಬರೂ ಕೂತು ಯೋಚಿಸಿದೆವು. ಅವರ ಹೆಸರಲ್ಲಿ ಹಾಕಿದರೆ ಹೊಲದಲ್ಲಿ ಸ್ಮಾರಕ ಇದೆ ಎಂದು ಬೇಸಾಯವನ್ನೇ ನಿಲ್ಲಿಸಿಬಿಟ್ಟಾರು ಎಂಬ ಭಯ ಅವರಿಗೆ. ಕೊನೆಗೆ ಅವ್ವನ ಹೆಸರಿನಲ್ಲಿ ಹಾಕೋಣ, ಅವಳಿಗೆ ವೃದ್ಧಾಪ್ಯ ವೇತನ ಬರುತ್ತದೆ, ಆಧಾರ್ ಕಾರ್ಡೂ ಇದೆ ಎಂದು ತೀರ್ಮಾನವಾಯಿತು.